ಹೂಂ ಅಂದವರು ಯಾರು?

ಸಭೆಯಲ್ಲಿ ಗುಮಾಸ್ತರು ಯುವನೀತಿಯ ಏಳನೇ ಕಲಮು ಓದುವಾಗಲೇ ನನಗೆ ಸಂಶಯ ಬಂತು.

"ಹದಿನೆಂಟು ತುಂಬಿದ ಪ್ರತಿಯೊಬ್ಬರನ್ನೂ ಎರಡು ವರ್ಷಗಳ ಕಾಲ ಸ್ವಂತ ಊರಿನಿಂದ ದೂರದ, ನೀರು ನೆರಳಿಲ್ಲದ ಪ್ರದೇಶದಲ್ಲಿ ದುಡಿಮೆಗೆ ನಿಯೋಜಿಸತಕ್ಕದ್ದು. ಇದರಿಂದ ಅವರಿಗೆ ಅನ್ನದ ಬೆಲೆ ತಿಳಿಯುವುದು."

ಸರ್ಕಾರಿ ಕಾಗದದಲ್ಲಿ 'ಕೌಶಲ್ಯ ಅಭಿವೃದ್ಧಿ' ಅಂತ ಇರುತ್ತದೆ, 'ಸಬಲೀಕರಣ' ಅಂತ ಇರುತ್ತದೆ. 'ಅನ್ನದ ಬೆಲೆ' ಎಲ್ಲಿಂದ ಬಂತು? ಈ ವಾಕ್ಯಕ್ಕೆ ಅಡುಗೆಮನೆಯ ವಾಸನೆ ಇತ್ತು. ಅದೂ ನನಗೆ ಗುರುತಿರುವ ಅಡುಗೆಮನೆಯದು.

ಗುಮಾಸ್ತರು ಮುಂದೆ ಓದಿದರು. ಒಂಬತ್ತನೇ ಕಲಮು: ಊಟದ ಹೊತ್ತಿನಲ್ಲಿ ಮೊಬೈಲುಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚತಕ್ಕದ್ದು. ಹನ್ನೊಂದು: ದೀಪ ಹಚ್ಚುವ ಹೊತ್ತಿಗೆ ಮನೆ ಸೇರತಕ್ಕದ್ದು. ಹನ್ನೆರಡು: ಅಂಗಡಿಯಲ್ಲೇ ಹರಿದು ಕೊಡುವ ಪ್ಯಾಂಟುಗಳ ಮಾರಾಟ ನಿಷೇಧ. ಇಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆದರೆ ಕೊನೆಯ ಸಾಲಿಗೆ ಎಲ್ಲರ ನಗೆಯೂ ನಿಂತಿತು: "ಮೇಲ್ಕಂಡ ಎಲ್ಲ ಕಲಮುಗಳಿಗೂ ಯುವ ಸಲಹಾ ಮಂಡಳಿಯ ಸದಸ್ಯರು ಶೇಕಡಾ ತೊಂಬತ್ತಾರರಷ್ಟು ಸಮ್ಮತಿ ಸೂಚಿಸಿರುತ್ತಾರೆ."

ಆ ಸದಸ್ಯರು ಅಂದರೆ ನಾವೇ. ಜಿಲ್ಲೆಗೊಬ್ಬರಂತೆ ಮೂವತ್ತೊಂದು ಮಂದಿ. ನಾನು ಸಾವಂತ್ರಿ ಬಡಿಗೇರ, ಹುಬ್ಬಳ್ಳಿಯವಳು, ಇಪ್ಪತ್ತೆರಡು ವರ್ಷ. ನಾನು ಯಾವುದಕ್ಕೂ ಸಮ್ಮತಿ ಸೂಚಿಸಿರಲಿಲ್ಲ. ಪಕ್ಕಕ್ಕೆ ನೋಡಿದೆ. ಪಕ್ಕದವರು ತಮ್ಮ ಪಕ್ಕದವರನ್ನು ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವತ್ತು ಮೂವತ್ತೊಂದು ಮಂದಿಯ ಕೈಯೂ ಮೆಲ್ಲಗೆ ಕೊರಳಿಗೆ ಹೋಯಿತು. ಅಲ್ಲಿ ಗುಂಡಿ ಇತ್ತು.

ಈ ಗುಂಡಿಯ ಕಥೆ ಹೇಳಬೇಕು. ಹಿಂದಿನ ಯುವ ಮಂಡಳಿಗಳೆಲ್ಲ ಬಂದವು, ಹೋಳಿಗೆ ಊಟ ಮಾಡಿದವು, ಮಂತ್ರಿಗಳ ಜೊತೆ ಫೋಟೋ ತೆಗೆಸಿಕೊಂಡು ಹೋದವು. ಸಭೆಯಲ್ಲಿ ಸಾಹೇಬರಿಗೆ ಇಷ್ಟವಾದದ್ದನ್ನೇ ಹುಡುಗರು ಹೇಳುತ್ತಿದ್ದರು. ಸಭೆಯಲ್ಲಿ ಕೇಳಿದರೆ ನಿಜ ಬರುವುದಿಲ್ಲ, ಅವರು ಬದುಕುವ ಜಾಗದಲ್ಲೇ ಕೇಳಬೇಕು ಅಂತ ಯಾರೋ ಬುದ್ಧಿವಂತರಿಗೆ ಹೊಳೆಯಿತು. ಹಾಗೆ ಹುಟ್ಟಿದ್ದು 'ಶ್ರವಣ' ಎಂಬ ಯಂತ್ರ. ಅಂಗಿಗುಂಡಿಯಷ್ಟು ದೊಡ್ಡ ಅದರ ಕಿವಿಯನ್ನು ನಾವು ಆರು ತಿಂಗಳು ಕೊರಳಿಗೆ ಕಟ್ಟಿಕೊಂಡು ಓಡಾಡಿದ್ದೆವು. ಹೆಸರುಗಳನ್ನು ಅದು ಅಳಿಸಿಹಾಕುತ್ತದೆ, ಬರೀ ಅಭಿಪ್ರಾಯ ಉಳಿಸಿಕೊಳ್ಳುತ್ತದೆ ಅಂದಿದ್ದರು. ಮೂವತ್ತೊಂದು ಜನರ ಅಭಿಪ್ರಾಯ ಒಂದೆಡೆ ರಾಶಿಯಾದಾಗ ಅದೇ ಯುವನೀತಿ. ಕೇಳಲಿಕ್ಕೆ ಚೆನ್ನಾಗಿತ್ತು. ನಾನೇ ಊರ ಪತ್ರಿಕೆಗೆ, "ಇನ್ನು ಮುಂದೆ ಸರ್ಕಾರ ನಮ್ಮ ಮಾತನ್ನು ಕದ್ದಾದರೂ ಕೇಳಲೇಬೇಕು" ಅಂತ ಡೌಲು ಹೊಡೆದಿದ್ದೆ.

ಸಭೆ ಕೂರುತ್ತಿದ್ದುದು ನಮ್ಮೂರಿನಿಂದ ಬಸ್ಸಿಗೆ ಒಂದು ತಾಸಿನ ದೂರದಲ್ಲಿ, ಬಾಗಿಲು ಮುಚ್ಚಿದ ಒಂದು ಹಳೆಯ ಚಿತ್ರಮಂದಿರದಲ್ಲಿ. ಯುವನೀತಿ ಕೋಶದವರು ಅದನ್ನು ಬಾಡಿಗೆಗೆ ಹಿಡಿದು ಕುರ್ಚಿಗೆ ಹೊಸ ಬಟ್ಟೆ ಹೊಲಿಸಿದ್ದರು. ಅಧ್ಯಕ್ಷರು ಪಟ್ಟಣಶೆಟ್ಟಿ ಸಾಹೇಬರು, ನಿವೃತ್ತ ಅಧಿಕಾರಿ, ಧಾರವಾಡದ ಕಡೆಯವರು, ಸಿಟ್ಟು ಅಂದರೇನೆಂದು ಗೊತ್ತಿಲ್ಲದ ಮನುಷ್ಯ. ನಾನು ಎದ್ದು ನಿಂತು, "ಇದನ್ನ ಯಾರು ಕೇಳಿದ್ರು ಸಾಹೇಬ್ರ?" ಅಂದೆ.

"ನೀವ ಕೇಳೀರಿ ತಂಗಿ," ಅಂದರು ನಗುತ್ತ. "ಶ್ರವಣ ಸುಳ್ಳು ಹೇಳಂಗಿಲ್ಲ. ಮುಂದಿನ ಗುರುವಾರ ಅಂಗೀಕಾರದ ಸಭೆ ಐತಿ. ಜೂನ್ ಒಂದರಿಂದ ಜಾರಿ."

ನನಗೆ ನೇರ ಅನುಮಾನ ಬಂದದ್ದು ವಿಜಯಪುರದ ಇಮ್ತಿಯಾಜ್ ಮುಲ್ಲಾನ ಮೇಲೆ. ಮೊದಲ ಸಭೆಯಲ್ಲೇ ಶಿಸ್ತು ಶಿಸ್ತು ಅಂತ ಭಾಷಣ ಬಿಗಿದವನು ಅವನು. ಹೊರಗೆ ಬಂದು ಅವನ ಎದುರು ನಿಂತರೆ, ಅವನು ನನಗಿಂತ ಮೊದಲೇ, "ಖರೇ ಹೇಳು ಬಡಿಗೇರ, ನೀ ಎಷ್ಟಕ್ಕ ಒಪ್ಪಿದಿ?" ಅಂದ. ಅವನ ಕಣ್ಣಲ್ಲಿ ಕಳ್ಳಿ ನಾನೇ ಆಗಿದ್ದೆ.

ಮನೆಗೆ ಬಂದರೆ ಅಲ್ಲಿ ಬೇರೆಯದೇ ಬೆಂಕಿ.

ನಮ್ಮದು ರೈಲ್ವೆ ವರ್ಕ್‌ಶಾಪಿನ ಹಿಂದಿನ ಓಣಿ. ಮುಂದೆ ಖಾನಾವಳಿ, ಹಿಂದೆ ಮನೆ. ಖಾನಾವಳಿ ನಡೆಸುವವಳು ಅವ್ವ, ಶಾಂತವ್ವ. ಹೆಸರಷ್ಟೇ ಶಾಂತ. ಬೆಳಗಿನ ಆರಕ್ಕೆ ರೊಟ್ಟಿ ಬಡಿಯಲು ಕೂತಳೆಂದರೆ ಕೈಯ ತಾಳಕ್ಕೆ ಬಾಯಿಯೂ ಶುರು. ತರಕಾರಿ ದರ, ಹಿಂದಿನ ಮನೆ ಸೊಸೆ, ಈ ಕಾಲದ ಹುಡುಗರ ಸೊಕ್ಕು, ಯಾವುದಕ್ಕೂ ತಡೆಯಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಎದುರಿಗೆ ಒಬ್ಬರು ಕೂತು ಹೂಂಗುಡಬೇಕು. ಹೂಂ ನಿಂತರೆ ಅವಳ ಮಾತೂ ನಿಲ್ಲುತ್ತದೆ, ಮಾತು ನಿಂತರೆ ರೊಟ್ಟಿ ದಪ್ಪ ಬರುತ್ತದೆ. ಅಪ್ಪ ಇದ್ದಾಗ ಹೂಂ ಅನ್ನುವ ಕೆಲಸ ಅಪ್ಪನದು. ಎಂಟು ವರ್ಷದ ಹಿಂದೆ ಅಪ್ಪ ಹೋದ ಮೇಲೆ ಅದು ಹಿರಿಮಗಳಾದ ನನ್ನ ಪಾಲಿಗೆ ಬಂತು. ನಾನು ಕಟ್ಟೆಯ ಮೇಲೆ ಕೂತು, ಮೊಬೈಲು ನೋಡುತ್ತ, ಮೂರು ಮಾತಿಗೊಂದು ಹೂಂ ಹಾಕುತ್ತಿದ್ದೆ.

ತಂಗಿಯ ಹೆಸರು ಮಲ್ಲವ್ವ. ಅಜ್ಜಿಯ ಹೆಸರಿಟ್ಟರು, ಹೆಸರಿಗೆ ತಕ್ಕ ಹಾಗೆ ಅವಳು ಮಲ್ಲಳೇ ಆದಳು. ಹತ್ತನೇ ವಯಸ್ಸಿನಿಂದ ಗರಡಿಯಲ್ಲಿ ಕುಸ್ತಿ ಆಡುತ್ತ ಬೆಳೆದವಳು. ಹೋದ ವರ್ಷ ಐವತ್ತು ಕೆ.ಜಿ. ತೂಕದಲ್ಲಿ ರಾಜ್ಯಕ್ಕೇ ಮೊದಲು ಬಂದಳು. ಕಳೆದ ತಿಂಗಳು ಹದಿನೆಂಟು ತುಂಬಿತ್ತು. ನಿಯೋಜನೆಯ ಕರಡು ಪಟ್ಟಿ ಅವತ್ತೇ ಮೊಬೈಲಿಗೆ ಬಂದಿತ್ತು. ಅದರಲ್ಲಿ ಅವಳ ಹೆಸರೂ ಇತ್ತು. ಎಲ್ಲೋ ಸೌರಫಲಕಗಳ ಬಯಲಿನಲ್ಲಿ ಧೂಳು ಒರೆಸುವ ಕೆಲಸ.

"ಎರಡು ವರ್ಷ ಮಣ್ಣು ಬಿಟ್ರ ಮೈ ಎಲ್ಲಾ ಪಟ್ಟು ಡಾವು ಮರತುಬಿಡ್ತೈತಿ ಅಂದ್ರು ಗರಡಿ ವಸ್ತಾದರು," ಅಂದಳು ಮಲ್ಲಿ. "ಇಪ್ಪತ್ತಕ್ಕ ಬಂದು ನಾ ಮತ್ತ ಸಣ್ಣ ಹುಡುಗ್ಯಾರ ಜೊತಿ ಶುರು ಮಾಡ್ಲೇನು? ಅಕ್ಕಾ, ನೀನೂ ಆ ಮಂಡಳಿಯಾಗ ಇದ್ದೀ. ಇದಕ್ಕ ಹೂಂ ಅಂದಿ?"

"ಇಲ್ಲ!" ಅಂದೆ.

"ತೊಂಬತ್ತಾರು ಮಂದಿ ಹೂಂ ಅಂದಾರಂತ. ಉಳಿದ ನಾಲ್ಕರಾಗ ನೀ ಅದೀ ಅಂತ ನಾ ಹ್ಯಾಂಗ ನಂಬ್ಲಿ?"

ನೂರಕ್ಕೆ ತೊಂಬತ್ತಾರು, ಮಂದಿಯ ಲೆಕ್ಕವಲ್ಲ ಅಂತ ತಿದ್ದಲಿಕ್ಕೆ ಹೋಗಲಿಲ್ಲ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಮಲ್ಲಿಯ ತಲೆ ಸವರಿ, "ಯಾರು ಹಚ್ಚಿದ್ರೋ ಈ ಬೆಂಕಿ, ಅವರ ಕೈ ಸೇದಿಹೋಗ್ಲಿ," ಅಂತ ಶಾಪ ಹಾಕಿದಳು. ನಾನು ಅಭ್ಯಾಸಬಲದಿಂದ "ಹೂಂ" ಅಂದೆ. ಕೊರಳಲ್ಲಿ ಗುಂಡಿ ಬೆಚ್ಚಗಾಯಿತು. ಅದು ಏನನ್ನಾದರೂ ಬರೆದುಕೊಂಡಾಗ ಹಾಗೆ ಬೆಚ್ಚಗಾಗುತ್ತಿತ್ತು. ಆರು ತಿಂಗಳಲ್ಲಿ ಅದನ್ನು ನಾನು ಗಮನಿಸುವುದನ್ನೇ ಬಿಟ್ಟಿದ್ದೆ. ಅವತ್ತು ಗಮನಿಸಿದೆ.

ಮರುದಿನ ಬೆಳಿಗ್ಗೆ ನೇರ ಚಿತ್ರಮಂದಿರಕ್ಕೆ ಹೋದೆ. ಹಿಂದೆ ಸಿನಿಮಾ ರೀಲು ಓಡಿಸುತ್ತಿದ್ದ ಕೋಣೆಯೇ ಈಗ ಶ್ರವಣದ ನಿಯಂತ್ರಣ ಕೊಠಡಿ. ಅಲ್ಲಿದ್ದವರು ವಿನುತಾ ಮೇಡಂ, ಮಂಡ್ಯದ ಕಡೆಯವರು, ಮೂವತ್ತರ ಆಸುಪಾಸು. ಶ್ರವಣಕ್ಕೆ ಕನ್ನಡ ಕಲಿಸಿದವರು ಅವರೇ. ನನ್ನ ದಾಖಲೆ ನೋಡುವ ಹಕ್ಕು ನನಗಿದೆ ಅಂತ ಒಪ್ಪಂದದ ಹಾಳೆ ತೋರಿಸಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ಕುರ್ಚಿ ಎಳೆದುಕೊಟ್ಟರು.

"ನೋಡಿ, ಇದೇನು ಕದ್ದು ಕೇಳೋ ಮಿಷನ್ ಅಲ್ಲ," ಅಂತ ಶುರು ಮಾಡಿದರು. "ಒಂದು ಮಾತುಕತೆಯಲ್ಲಿ ಎದುರಿನವರು ಆಡೋದು ಪ್ರಸ್ತಾಪ. ನೀವು ಆಡೋದು ಉತ್ತರ. ಯಾರು ಹೇಳಿದ್ರು ಅನ್ನೋದನ್ನ ಅದು ಮರೆತುಬಿಡುತ್ತೆ. ಏನು ಹೇಳಿದ್ರು, ನೀವು ಒಪ್ಪಿದ್ರಾ ಇಲ್ವಾ, ಅಷ್ಟೇ ಇಟ್ಕೊಳುತ್ತೆ. ಒಂದೇ ಥರದ ಪ್ರಸ್ತಾಪ ಬೇರೆ ಬೇರೆ ಮನೆಗಳಲ್ಲಿ ಬಂದು, ಎಲ್ಲಾ ಕಡೆ ಒಪ್ಪಿಗೆ ಸಿಕ್ಕಿದ್ರೆ ಅದು ಕಲಮು ಆಗುತ್ತೆ."

"ಏಳನೇ ಕಲಮಿಗೆ ನಾ ಯಾವಾಗ ಒಪ್ಪಿದೆ, ತೋರಿಸ್ರಿ."

ಅವರು ಬೆರಳಾಡಿಸಿದರು. ಪರದೆಯ ಮೇಲೆ ದಿನಾಂಕ ಬಂತು, ಬೆಳಗಿನ ಆರೂವರೆ. ಒಂದು ಕ್ಷಣ ರೊಟ್ಟಿ ಬಡಿಯುವ ಸದ್ದು. ಆಮೇಲೆ ಆ ಕೋಣೆಯ ತುಂಬ ನಮ್ಮವ್ವನ ದನಿ:

"ಈಗಿನ ಹುಡುಗರನ್ನ ಎರಡು ವರ್ಷ ನೀರು ನೆರಳು ಇಲ್ಲದ ಕಡೆ ಒಗೀಬೇಕು ನೋಡವಾ. ಆವಾಗ ತಿಳಿತೈತಿ ಅನ್ನದ ಬೆಲಿ."

ಅದರ ಬೆನ್ನಿಗೇ ಇನ್ನೊಂದು ದನಿ, ನನ್ನದು: "ಹೂಂ."

ಪರದೆಯ ಮೇಲೆ ಹಸಿರು ಅಕ್ಷರ ಬಿತ್ತು: ಸಮ್ಮತಿ.

ಹೆಸರು ಅಳಿಸಿದ್ದರೂ ದನಿಗಳು ಉಳಿದಿದ್ದವು, ಉಳಿದ ಕಲಮುಗಳ ಮೂಲವನ್ನೂ ಮೇಡಂ ತೆಗೆದು ತೋರಿಸಿದರು. ಹನ್ನೊಂದನೇ ಕಲಮು ಇಮ್ತಿಯಾಜನ ಅಜ್ಜನದಂತೆ. ಹರಿದ ಪ್ಯಾಂಟಿನ ಮೇಲೆ ಸಿಟ್ಟಾದವರು ಹದಿನೇಳು ಜಿಲ್ಲೆಗಳ ಹದಿನೇಳು ತಾಯಂದಿರು. ಮೊಬೈಲು ಡಬ್ಬಿಯ ವಿಚಾರದಲ್ಲಿ ಇಡೀ ರಾಜ್ಯವೇ ಒಮ್ಮತ. ಮೂವತ್ತೊಂದು ಮನೆಗಳ ಗೊಣಗಾಟವನ್ನು ಹಿಂಡಿ ತೆಗೆದ ರಸ ನಮ್ಮ ಯುವನೀತಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರು ನಾವು. ಅದು ಸಮ್ಮತಿ ಅಂತ ಬರೆದುಕೊಂಡದ್ದು ಶ್ರವಣ.

"ಮೇಡಂ, ಇದು ಒಪ್ಪಿಗಿ ಅಲ್ರಿ! ಇದು ಬರೇ ಹೂಂ!"

"ಹೂಂ ಅಂದ್ರೆ ಹೂಂ ತಾನೆ? ನಮ್ ಕಡೆ 'ಬರ್ತೀಯಾ' ಅಂದ್ರೆ 'ಹೂಂ ಕಣೇ' ಅಂತೀವಿ. ಸಮ್ಮತಿ ಪದಗಳ ಪಟ್ಟಿಗೆ ಅದನ್ನ ಸೇರಿಸಿದ್ದೇ ನಾನು. ನಮ್ಮನೇಲಿ ಕೂತು ಬರೆದ ಪಟ್ಟಿ ಅದು."

"ನಮ್ಮ ಕಡೆ ಎಲ್ಲಾ ಹೂಂ ಒಪ್ಪಿಗಿ ಅಲ್ರಿ. ಕತಿ ಹೇಳೂ ಮುಂದ ಹೂಂ ಅನ್ನದಿದ್ರ ಅಜ್ಜಿ ಕತಿ ನಿಲ್ಲಿಸ್ತಾಳ. ಹೂಂ ಅಂದ್ರ ನಾ ಇಲ್ಲೇ ಅದೇನಿ, ಮುಂದ ಹೇಳು ಅಂತ ಅಷ್ಟ."

ವಿನುತಾ ಮೇಡಂ ಪರದೆಯ ದನಿ ಆರಿಸಿದರು. ಆಮೇಲೆ ತಮ್ಮಷ್ಟಕ್ಕೆ, "ನಮ್ಮಜ್ಜಿನೂ ಹಂಗೇ," ಅಂದರು. "ಪಟ್ಟಿ ಬರೆಯುವಾಗ ನೆನಪೇ ಆಗ್ಲಿಲ್ಲ ನೋಡಿ."

ಅವರ ಮಾತು ನಾನು ನಂಬಿದೆ. ಆದರೆ ಮೆಟ್ಟಿಲಿಳಿಯುವಾಗ ಇನ್ನೊಂದು ಅನುಮಾನ ತಲೆ ಎತ್ತಿತು. ಮೇಡಂ ಮಂಡ್ಯದವರು, ಸರಿ. ಪಟ್ಟಣಶೆಟ್ಟಿ ಸಾಹೇಬರು ನಮ್ಮವರೇ. ಎಲ್ಲ ಹೂಂ ಒಪ್ಪಿಗೆಯಲ್ಲ ಅಂತ ಅವರಿಗೆ ಗೊತ್ತಿರಲಿಲ್ಲವೇ? ಸೌರ ಬಯಲಿಗೆ ಅಗ್ಗದ ಕೈಗಳು ಬೇಕಾಗಿದ್ದವು, ಅದು ಹುಡುಗರೇ ಕೇಳಿದ್ದು ಅಂತಲೂ ಆಗಬೇಕಿತ್ತು. ಅಂಥಲ್ಲಿ ಇಂಥದೊಂದು ತಪ್ಪು ತಾನಾಗಿ ಬಂದು ಕೂತರೆ ಅದನ್ನು ಯಾರು ಎಬ್ಬಿಸುತ್ತಾರೆ?

ಗುರುವಾರ ಅಂಗೀಕಾರದ ಸಭೆ. ಅವತ್ತು ಅಧ್ಯಕ್ಷರೂ ಗುಂಡಿ ಧರಿಸಿಯೇ ಕೂರಬೇಕು ಅಂತ ನಿಯಮ. ಹಳೆಯ ಸಿನಿಮಾ ಪರದೆಯ ಮೇಲೆ ಎಲ್ಲರ ಹೆಸರು, ಹೆಸರಿನ ಮುಂದೆ ಸಮ್ಮತಿಯ ಹಸಿರು ಗೆರೆ. ಸದಸ್ಯರಿಗೆ ತಲಾ ಹತ್ತು ನಿಮಿಷ ಮಾತಾಡುವ ಅವಕಾಶವಿತ್ತು. ಇಮ್ತಿಯಾಜನೂ ಇನ್ನೂ ಎಂಟು ಜನರೂ ತಮ್ಮ ಹತ್ತು ನಿಮಿಷವನ್ನು ನನಗೆ ಬಿಟ್ಟುಕೊಟ್ಟರು. ಹಿಂದಿನ ದಿನ ಅವರಿಗೆಲ್ಲ ಅವರವರ ಮನೆಯ ದಾಖಲೆಗಳನ್ನು ಕೇಳಿಸಿಕೊಂಡು ಬರಲು ಹೇಳಿದ್ದೆ. ಕೇಳಿದವರ ಮುಖಗಳು ಸಪ್ಪಗಿದ್ದವು.

ನಾನು ಎದ್ದು ನಿಂತು ಜಗಳ ಆಡಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಹೇಗೆ ಮಾತಾಡುತ್ತಾಳೋ ಹಾಗೆ, ಅದೇ ಲಯದಲ್ಲಿ ಶುರು ಮಾಡಿದೆ.

"ಸಾಹೇಬ್ರ, ನಮ್ಮ ಮನಿಯಾಗ ಖಾನಾವಳಿ ಐತ್ರಿ."

ಸಾಹೇಬರು ಕಡತಕ್ಕೆ ಸಹಿ ಹಾಕುತ್ತ, "ಹೂಂ," ಅಂದರು.

"ದಿನಾ ಮುಂಜಾನೆ ನಮ್ಮವ್ವ ಇನ್ನೂರು ರೊಟ್ಟಿ ಬಡೀತಾಳ್ರಿ."

"ಹೂಂ."

ಪರದೆಯ ಮೇಲೆ ಅವರ ಹೆಸರಿನ ಮುಂದೆ ಹಸಿರು ಗೆರೆ ಒಂದಿಷ್ಟು ಉದ್ದವಾಯಿತು. ಅವರು ಪರದೆಗೆ ಬೆನ್ನು ಮಾಡಿ ಕೂತಿದ್ದರು. ನಾನು ಹದಿನೈದು ನಿಮಿಷ ರೊಟ್ಟಿ, ಪಲ್ಯ, ವರ್ಕ್‌ಶಾಪಿನ ಗಿರಾಕಿ ಅಂತ ಎಳೆದೆ. ಅವರು ಮೂರು ಮಾತಿಗೊಂದು ಹೂಂ ಹಾಕುತ್ತ ಪುಟ ತಿರುಗಿಸಿದರು. ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತ ನನ್ನದೇ ಚಿತ್ರ ಕಂಡಂತಾಯಿತು. ಆದರೂ ಬಿಡಲಿಲ್ಲ.

"ಏಳನೇ ಕಲಮು ತಗದು ಒಗೀಬೇಕು ಅಂತಾರ್ರಿ ಮಂದಿ."

"ಹೂಂ."

"ಇಲ್ಲಂದ್ರ ಮೊದಲ ಪಟ್ಟಿಯಾಗ ಅಧಿಕಾರಿಗಳ ಮಕ್ಕಳ ಹೆಸರು ಇರಬೇಕು ಅಂತಾರ್ರಿ."

"ಹೂಂ."

"ನಿಮ್ಮ ಕಿರಿಮಗನ್ನ ಮೊದಲ ಕಳಿಸಬೇಕ್ರಿ, ಎರಡು ವರ್ಷ, ನೀರು ನೆರಳು ಇಲ್ಲದ ಕಡೆ."

"ಹೂಂ, ಹೂಂ."

ಸಭೆ ಭೋರ್ಗರೆಯಿತು. ಸಾಹೇಬರು ತಲೆಯೆತ್ತಿದರು, ತಿರುಗಿ ನೋಡಿದರು. ಪರದೆಯ ಮೇಲೆ ಅವರ ಹೆಸರಿನ ಮುಂದೆ ಗೆರೆ ಅಂಚಿನವರೆಗೂ ಹೋಗಿತ್ತು. ಕೆಳಗೆ ಅಕ್ಷರದಲ್ಲಿ: ಅಧ್ಯಕ್ಷರ ಸಮ್ಮತಿ, ಶೇಕಡಾ ತೊಂಬತ್ತೊಂಬತ್ತು.

"ಇದೇನಿದು? ನಾ ಎಲ್ಲಿ ಒಪ್ಪೇನಿ? ನಾ ಬರೇ ಕೇಳಾಕತ್ತಿದ್ನಲ್ಲವಾ!"

"ನಾವೂ ಅಷ್ಟರಿ ಸಾಹೇಬ್ರ," ಅಂದೆ. "ಅದನ್ನ ಒಂದೀಟು ಬರಕೊಳ್ರಿ."

ಸಿಟ್ಟು ಗೊತ್ತಿಲ್ಲದ ಮನುಷ್ಯನ ಮುಖ ಒಂದೇ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಅವರು ಮತ್ತೆ ನಕ್ಕರು. ಆ ನಗೆ ನೋಡಿ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಚಹಾದ ಬಿಡುವಿನಲ್ಲಿ ನನ್ನ ಪಕ್ಕ ಬಂದು ನಿಂತು, ಮೆಲ್ಲಗೆ, "ಶಾಣೇ ಅದೀ ತಂಗಿ," ಅಂದರು. "ಮೂವತ್ತು ವರ್ಷ ನೌಕರಿ ಮಾಡೀನಿ. ಎಲ್ಲಾ ಆಡಳಿತಾನೂ ಇಂಥಾ ಹೂಂ ಮ್ಯಾಲೇ ನಡೀತೈತಿ. ಹೂಂ ಅಂದವರು ಯಾರೂ ಇಲ್ಲೀಮಟ ತಿರುಗಿ ಬಂದು, ನಾ ಕೇಳೇ ಇಲ್ಲ ಅಂತ ಹೇಳಿದ್ದಿಲ್ಲ. ಹೇಳಾಕ ಧೈರ್ಯ ಬೇಕಾಗ್ತೈತಿ. ನಿನಗ ಐತೇನು, ನೋಡೂಣು."

ಏನದು ಧೈರ್ಯ ಅಂತ ಅವತ್ತು ನನಗೆ ತಿಳಿಯಲಿಲ್ಲ. ಮೂರು ದಿನ ಬಿಟ್ಟು ಪತ್ರ ಬಂದಾಗ ತಿಳಿಯಿತು. ನೀತಿಯನ್ನು ತಡೆಹಿಡಿಯಲಾಗಿದೆ, ಶ್ರವಣದ ದಾಖಲೆಗಳನ್ನು ಹೊಸದಾಗಿ ಪರಿಶೀಲಿಸಿ ಪ್ರತಿಯೊಂದು ಹೂಂ ಯಾವ ಬಗೆಯದೆಂದು ಗುರುತಿಸಲಾಗುವುದು, ಗುರುತಿಸಿದ ವರದಿಗೆ ಸದಸ್ಯರು ಸಹಿ ಮಾಡಬೇಕು. ಅಷ್ಟೇ ಆಗಿದ್ದರೆ ಸರಿಯಿತ್ತು. ಕೊನೆಗೆ ಒಂದು ಸಾಲು: ದಾಖಲೆಯಲ್ಲಿರುವುದು ಎದುರು ಮಾತಾಡಿದವರ ಮಾತೂ ಆದ್ದರಿಂದ ಅವರು ವರದಿಯನ್ನು ಪೂರ್ತಿ ಓದಿ ಸಹಿ ಮಾಡತಕ್ಕದ್ದು. ಸಹಿ ಬಾರದ ಮನೆಯ ಮಟ್ಟಿಗೆ ಹಿಂದಿನ ಸಮ್ಮತಿಯೇ ಊರ್ಜಿತ.

ಹೊಸ ಗುರುತಿನ ಕೆಲಸ ಮಾಡಿದವರು ವಿನುತಾ ಮೇಡಮ್ಮೇ. ಹೂಂ ಅನ್ನುವಾಗ ದನಿ ಏರುತ್ತದೋ ಇಳಿಯುತ್ತದೋ, ಎದುರಿನ ಮಾತು ಮುಗಿದ ಎಷ್ಟು ಹೊತ್ತಿಗೆ ಬಂತು, ಮಾತಿನ ನಡುವೆಯೇ ತಪ್ಪು ಜಾಗದಲ್ಲಿ ಬಿತ್ತೋ, ಆಗ ಬೆರಳು ಮೊಬೈಲಿನ ಮೇಲೆ ಸರಿಯುವ ಸದ್ದಿತ್ತೋ, ಎಲ್ಲವನ್ನೂ ಶ್ರವಣಕ್ಕೆ ಕಲಿಸಿದರು. ಒಂದೇ ವಾರಕ್ಕೆ ಅದು ಕಲಿಯಿತು. ಲಕೋಟೆ ನನ್ನ ಕೈಗೆ ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. "ಹುಡುಕಿದ್ದೆಲ್ಲಾ ಬರೆಯಲೇಬೇಕು, ಏನ್ ಮಾಡೋದು," ಅಂದರು. "ನಾನೂ ನಮ್ಮಮ್ಮನ ಜೊತೆ ಫೋನಲ್ಲಿ ಆಡಿದ್ದನ್ನ ಒಂದ್ಸಲ ಹಾಕಿ ನೋಡಿದೆ. ನೋಡಬಾರದಿತ್ತು."

ವರದಿಯನ್ನು ಬಸ್ಸಿನಲ್ಲಿ ಓದಿದೆ. ಶಾಂತವ್ವನ ಎದುರು ಸಾವಂತ್ರಿ ಆರು ತಿಂಗಳಲ್ಲಿ ಅಂದ ಹೂಂ ಒಟ್ಟು ಒಂಬತ್ತು ಸಾವಿರದ ನಾಲ್ಕುನೂರು ಚಿಲ್ಲರೆ. ಒಪ್ಪಿದ ಹೂಂ, ಆರುನೂರು. ಕೇಳಿದ ಹೂಂ, ಸಾವಿರದ ಎಂಟುನೂರು. ಉಳಿದ ಏಳು ಸಾವಿರಕ್ಕೆ ಶ್ರವಣ ಕೊಟ್ಟ ಹೆಸರು: ಕೇಳದ ಹೂಂ. ಪ್ರತಿಯೊಂದರ ಮುಂದೆ ಅವ್ವ ಆಗ ಆಡಿದ ಮಾತು ಅಚ್ಚಾಗಿತ್ತು. ನಾನು ಅವುಗಳನ್ನು ಅವತ್ತೇ ಮೊದಲ ಸಲ ಕೇಳಿದ್ದು. ಸೊಂಟ ನೋವಂತೆ. ಸಾಲಾಗಿ ಮೂರು ದಿನ ಅದನ್ನೇ ಹೇಳಿದ್ದಾಳೆ. ಅಂಗಡಿ ಮುಂದಿನ ಬೇವಿನ ಮರಕ್ಕೆ ಗಿಳಿ ಬಂದಿದೆಯಂತೆ. ನಲವತ್ತನೇ ಪುಟದಲ್ಲಿ, ಫೆಬ್ರವರಿಯ ಒಂದು ಬೆಳಿಗ್ಗೆ: "ನಿಮ್ಮಪ್ಪನ ಮಾರಿ ನೆನಪೈತವಾ, ಆದ್ರ ದನಿ ಮರತು ಹೊಂಟೀನಿ. ಹ್ಯಾಂಗಿತ್ತ ಅವರ ದನಿ?"

ಅದರ ಮುಂದೆ: ಹೂಂ. ಬಗೆ: ಕೇಳದ್ದು. ಮೊಬೈಲಿನ ಸದ್ದು ಇತ್ತು.

ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದ ಹೆಂಗಸು ಪರೀಕ್ಷೆಯ ಫಲಿತಾಂಶವೆಂದುಕೊಂಡು ಸಮಾಧಾನ ಹೇಳಿದಳು.

ಹರಿದು ಹಾಕಬಹುದಿತ್ತು. ಹಾಕಿದ್ದರೆ, ಏಳನೇ ಕಲಮಿನ ಮೂಲ ಮಾತು ನಮ್ಮ ಮನೆಯದೇ ಆದ್ದರಿಂದ ಅದು ಉಳಿದು, ಮಲ್ಲಿ ಸೌರ ಬಯಲಿಗೆ ಹೋಗುತ್ತಿದ್ದಳು. ನನ್ನ ಸಹಿಯೊಂದೇ ಸಾಕಾಗುವಂತಿದ್ದರೆ ಸಾವಿರ ಸಹಿ ಹಾಕುತ್ತಿದ್ದೆ. ಮನೆಗೆ ಬಂದು ಖಾನಾವಳಿಯ ಮೇಜಿನ ಮೇಲೆ ವರದಿ ಇಟ್ಟೆ. ಮಧ್ಯಾಹ್ನದ ಊಟ ಮುಗಿದು ಗಿರಾಕಿಗಳು ಹೋಗಿದ್ದರು. ಮಲ್ಲಿ ಗೋಡೆಗೆ ಒರಗಿ ನಿಂತಿದ್ದಳು.

"ಅವ್ವಾ, ಇದನ್ನ ಓದಿ ಸಹಿ ಮಾಡಬೇಕಂತ. ಮಾಡಿದ್ರ ಮಲ್ಲಿ ಉಳೀತಾಳ."

"ಹಂಗಾದ್ರ ಓದೂದೇನೈತಿ? ಪೆನ್ನು ತಾ."

"ಓದಲೇಬೇಕಂತವಾ. ಪ್ರತಿ ಪುಟಕ್ಕ ಹೆಬ್ಬಟ್ಟು ಇಡಬೇಕಂತ."

ಅವ್ವ ಏಳನೇ ಇಯತ್ತೆ ಓದಿದವಳು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದತೊಡಗಿದಳು. ಮೊದಮೊದಲು ನಗು ಬಂತು ಅವಳಿಗೆ. "ಅಯ್ಯ, ಇದನ್ನೂ ಬರಕೊಂಡೈತೇನ?" ಅಂದಳು. ಏಳನೇ ಕಲಮು ತನ್ನ ಬಾಯಿಂದಲೇ ಬಂದದ್ದೆಂದು ತಿಳಿದಾಗ ಹಣೆ ಹಣೆ ಬಡಿದುಕೊಂಡಳು. "ನಾ ಹಾಕಿದ ಶಾಪ ನನಗ ತಟ್ಟಿತಲ್ಲೋ ಶಿವನೇ," ಅಂದಳು. ಆಮೇಲೆ ಕೇಳಿದಳು, "ಸಾವಂತ್ರಿ, ಕೇಳದ ಹೂಂ ಅಂದ್ರೇನ?"

ನಾನು ಹೇಳುವ ಅಗತ್ಯ ಬೀಳಲಿಲ್ಲ. ಹತ್ತು ಪುಟ ದಾಟುವಷ್ಟರಲ್ಲಿ ಅವಳ ನಗೆ ಹೋಯಿತು. ಬೆರಳು ಮಾತ್ರ ಸರಿಯುತ್ತಿತ್ತು, ಹೆಬ್ಬಟ್ಟು ಒತ್ತುತ್ತಿತ್ತು. ನಲವತ್ತನೇ ಪುಟದಲ್ಲಿ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅದು ಯಾವ ಸಾಲು ಎಂದು ನನಗೆ ಗೊತ್ತಿತ್ತು. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, ಆ ಪುಟಕ್ಕೂ ಹೆಬ್ಬಟ್ಟು ಒತ್ತಿದಳು.

ಮುಗಿದ ಮೇಲೆ ಕಾಗದಗಳನ್ನು ಸರಿಯಾಗಿ ಜೋಡಿಸಿ ನನ್ನ ಕೈಗೆ ಕೊಟ್ಟು, "ಮಲ್ಲಿ ಉಳೀತಾಳಲ್ಲ?" ಅಂದಳು.

"ಉಳೀತಾಳವಾ."

"ಸಾಕ ಬಿಡು."

ಮಲ್ಲಿ ಉಳಿದಳು. ಮೂವತ್ತೊಂದು ಮನೆಗಳ ಪೈಕಿ ಇಪ್ಪತ್ತಾರು ಮನೆಗಳಿಂದ ಸಹಿಯಾದ ವರದಿ ಬಂತು. ಐದು ಮನೆಗಳಿಂದ ಬರಲಿಲ್ಲ. ಆ ಹುಡುಗರು ತಂದೆತಾಯಿಗೆ ಅದನ್ನು ತೋರಿಸಲಾರೆವೆಂದು ಹಿಂದಿನ ಸಮ್ಮತಿಯನ್ನೇ ಒಪ್ಪಿಕೊಂಡುಬಿಟ್ಟರು. ಅವರನ್ನು ನಾನು ಬಯ್ಯಲಿಲ್ಲ. ಏಳನೇ ಕಲಮು ಬಿದ್ದುಹೋಯಿತು, ಮೊಬೈಲು ಡಬ್ಬಿ ಮಾತ್ರ ಹೇಗೋ ಉಳಿದುಕೊಂಡಿತು. ಹೊಸ ಶ್ರವಣಕ್ಕೆ ಈಗ ಮೂರೂ ಬಗೆಯ ಹೂಂ ಗೊತ್ತು. ಬೇರೆ ಇಲಾಖೆಗಳೂ ಅದನ್ನು ಕೇಳಿ ಪಡೆದಿವೆ ಅಂತ ಸುದ್ದಿ. ಪಟ್ಟಣಶೆಟ್ಟಿ ಸಾಹೇಬರಿಗೆ ಮೊದಲಿನಿಂದ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಹೇಳಲಾರೆ. ನನ್ನ ಗುಂಡಿಯನ್ನು ವಾಪಸು ಕೊಟ್ಟು ರಸೀದಿ ತೆಗೆದುಕೊಂಡೆ.

ಮನೆಯಲ್ಲಿ ಅವ್ವ ಸಿಟ್ಟು ಮಾಡಲಿಲ್ಲ. ಊಟ ಬಡಿಸಿದಳು, ಬೇಕೇ ಬೇಡವೇ ಕೇಳಿದಳು. ಆದರೆ ಬೆಳಗಿನ ಆರಕ್ಕೆ ರೊಟ್ಟಿ ಬಡಿಯುವ ಸದ್ದಷ್ಟೇ ಕೇಳುತ್ತಿತ್ತು. ರೊಟ್ಟಿಗಳು ದಪ್ಪ ಬರುತ್ತಿದ್ದವು. "ಏನವಾ, ಕೈ ಬದಲಾಗೈತೇನ?" ಅಂತ ವರ್ಕ್‌ಶಾಪಿನ ಗಿರಾಕಿಗಳು ಕೇಳಿದರು. ನಾನು ಮೊಬೈಲನ್ನು ಒಳಗಿಟ್ಟು, ಬರಿಗೈಯಲ್ಲಿ ಕಟ್ಟೆಯ ಮೇಲೆ ಕೂತು ಕಾದೆ. ಒಂದು ವಾರ, ಎರಡು ವಾರ. "ಏನಾರ ಹೇಳವಾ," ಅಂದರೆ, "ಹೇಳೂದೇನೈತಿ," ಅನ್ನುತ್ತಿದ್ದಳು.

ಮೂರನೇ ವಾರ ನಾನೇ ಶುರು ಮಾಡಿದೆ. ಮಲ್ಲಿ ಹೊಸ ಡಾವು ಕಲಿತದ್ದು, ಬೇವಿನ ಮರದ ಗಿಳಿ ಮರಿ ಮಾಡಿದ್ದು, ಬದನೆಕಾಯಿ ದರ ಏರಿದ್ದು. ಅವ್ವ ತಲೆಯೆತ್ತದೆ ರೊಟ್ಟಿ ಬಡಿಯುತ್ತಿದ್ದಳು. ಮಾತು ಮುಗಿದು ಹೋಗಿ ಇನ್ನೇನೂ ಉಳಿಯದಾದಾಗ ಅಂದೆ:

"ಅವ್ವಾ, ಅಪ್ಪ ಮಾತು ಶುರು ಮಾಡೂ ಮೊದಲ ಒಂಚೂರು ಕೆಮ್ಮತಿದ್ದ, ನೆನಪೈತಿ? ದನಿ ದಪ್ಪ ಇತ್ತು, ಆದ್ರ ನಿನ್ನ ಹೆಸರು ಕರಿಯೂ ಮುಂದ ಸಣ್ಣಾಗ್ತಿತ್ತು."

ಅವಳ ಕೈ ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಒಂದು ಗಳಿಗೆ ತಡೆಯಿತು. ಆಮೇಲೆ ಮತ್ತೆ ಬಡಿಯತೊಡಗಿತು.

"ಹೂಂ," ಅಂದಳು ಅವ್ವ.

ಒಪ್ಪಿದ್ದೋ, ಕೇಳಿದ್ದೋ, ಕೇಳದ್ದೋ ಅಂತ ನಾನು ಅವಳ ಮುಖವನ್ನೇ ನೋಡಿದೆ. ಅವಳು ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕುತ್ತಿದ್ದಳು.